ಆಮ್ರಪಾಲಿ ಸೊರಗ್ಯಾಳ್ರಿ

ಕೊಣ್ಣೂರಿನಲ್ಲಿ ಯಾವ ತಾಯಿಯನ್ನಾದರೂ ನಿಲ್ಲಿಸಿ "ಕೂಸು ಹ್ಯಾಂಗ ಐತಿ?" ಎಂದು ಕೇಳಿ ನೋಡಿ. "ಏನ ಹೇಳ್ಲಿರಿ, ಉಣ್ಣವಲ್ಲದು, ತಿನ್ನವಲ್ಲದು, ಸೊರಗಿ ಕಡ್ಡಿ ಆಗೇತಿ" ಎನ್ನುತ್ತಾಳೆ. ಹಾಗೆನ್ನುವಾಗ ಆ ಕೂಸು ಅವಳ ಸೊಂಟದ ಮೇಲೆ ಕೂತು ಇಡೀ ಬಾಳೆಹಣ್ಣನ್ನು ಸಿಪ್ಪೆಯ ಸಮೇತ ಮುಗಿಸುತ್ತಿರುತ್ತದೆ. ಇದಕ್ಕೆ ಯಾರೂ ಸುಳ್ಳು ಎನ್ನುವುದಿಲ್ಲ. ಕೂಸು ಮೈಕೈ ತುಂಬಿಕೊಂಡಿದೆ ಎಂದು ಬಾಯಿ ಬಿಟ್ಟು ಹೇಳಿದರೆ ನದರು ಹತ್ತುತ್ತದೆ, ಅಂದರೆ ಕೆಟ್ಟ ಕಣ್ಣು ಬೀಳುತ್ತದೆ, ಎಂಬುದು ಕೇಳಿದವರಿಗೂ ಗೊತ್ತು, ಹೇಳಿದವಳಿಗೂ ಗೊತ್ತು. ಮಂದಿಯ ಕಣ್ಣಿಗೆ ಕಲ್ಲೇ ಸೀಳುತ್ತದಂತೆ, ಇನ್ನು ಹಾಲುಗಲ್ಲದ ಕೂಸು ಯಾವ ಲೆಕ್ಕ!

ಈ ಶಾಸ್ತ್ರದಲ್ಲಿ ಊರಿಗೇ ಗುರು ಸಾತವ್ವ. ವಯಸ್ಸು ಅರವತ್ತು ದಾಟಿದೆ, ದನಿ ಮಾತ್ರ ಇನ್ನೂ ಇಪ್ಪತ್ತರದ್ದು. ಯಾವ ಮನೆಯ ಕೂಸು ಹಟ ಹಿಡಿದು ಅತ್ತರೂ ಅವಳಿಗೆ ಕರೆ ಹೋಗುತ್ತಿತ್ತು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಕೂಸಿಗೆ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಮೆಣಸಿನಕಾಯಿ ಸುಟ್ಟರೂ ಘಾಟು ಬಾರದಿದ್ದರೆ ನದರು ಖರೆ, ಅದು ಅಲ್ಲಿಗೇ ಸುಟ್ಟುಹೋಯಿತು. ಘಾಟು ಎದ್ದು ಮನೆಮಂದಿಯೆಲ್ಲ ಕೆಮ್ಮಿದರೆ ನದರಿಲ್ಲ, ದವಾಖಾನೆ ನೋಡಿಕೊಳ್ಳಬೇಕು. ಸಾವಕಾರರ ಮನೆ, ಗೌಡರ ಮನೆ, ಎಲ್ಲರೂ ಅವಳನ್ನು ಕರೆಸುತ್ತಿದ್ದರು, ಹಿತ್ತಲ ಬಾಗಿಲಿಗೆ. ಸಾತವ್ವನ ಕೇರಿಯವರು ಮುಂಬಾಗಿಲಿನಿಂದ ಒಳಗೆ ಬರುವ ಪದ್ಧತಿ ಆ ಮನೆಗಳಲ್ಲಿ ಇರಲಿಲ್ಲ. ನದರು ಮಾತ್ರ ಯಾವ ಜಾತಿಯವರದಾದರೂ ರಾಜಾರೋಷವಾಗಿ ಮುಂಬಾಗಿಲಿನಿಂದಲೇ ಬರುತ್ತಿತ್ತು.

ಅವಳ ಮಗ ಅಜಿತ ಮೂಡಲಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮನೆಯ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬ. ಗೋಡೆಯ ಕೆಳಗೆ ಸಾತವ್ವನ ಉಪ್ಪು, ಮೆಣಸಿನಕಾಯಿ.

"ಯವ್ವಾ, ನಾವು ಬೌದ್ಧರು. ನದರು-ಗಿದರು ನಮಗಿಲ್ಲ" ಎಂದು ಅಜಿತ ರೇಗುತ್ತಿದ್ದ.

"ನಿನಗಿಲ್ಲೋ ಯಪ್ಪಾ, ನೀ ಕಲತಾಂವ. ಕೂಸಿಗೆ ಐತಿ" ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು.

ಅಜಿತನಿಗಿಂತ ಮೊದಲು ಅವಳಿಗೊಬ್ಬ ಮಗಳಿದ್ದಳು. ಮೂಡಲಗಿಯ ಒಂದು ಮದುವೆಯಲ್ಲಿ ಯಾರೋ ಬೀಗಿತ್ತಿ ಆ ಕೂಸನ್ನು ಎತ್ತಿಕೊಂಡು "ಎಷ್ಟ ಚಂದ ಅದಾಳವ್ವಾ, ಬೆಣ್ಣಿ ಮುದ್ದಿ ಹಂಗ" ಎಂದಿದ್ದಳು. ಸಾತವ್ವನೂ ಆಗ ಹರೆಯದವಳು, ಹಿಗ್ಗಿ "ಹೌದ್ರಿ, ಛಲೋ ಉಣ್ಣತಾಳ" ಎಂದುಬಿಟ್ಟಿದ್ದಳು. ಅದೇ ವಾರ ಜ್ವರ ಬಂತು, ಕೂಸು ಹೋಯಿತು. ಅಂದಿನಿಂದ ಇಂದಿನವರೆಗೆ ಸಾತವ್ವನ ಬಾಯಿಂದ ಯಾವ ಕೂಸಿನ ಬಗ್ಗೆಯೂ ಒಳ್ಳೆಯ ಮಾತು ಬಂದದ್ದಿಲ್ಲ. ಮಗ ಎಷ್ಟು ವಿಜ್ಞಾನ ಹೇಳಿದರೂ ಆ "ಹೌದ್ರಿ" ಅವಳ ಗಂಟಲಲ್ಲಿ ಮುಳ್ಳಿನಂತೆ ಉಳಿದಿತ್ತು.

ಇಂಥವಳನ್ನೇ ಹುಡುಕಿಕೊಂಡು ಸಂಘದವರು ಬಂದರು, ನೋಡಿ! ಬೆಲ್ಲದ ವ್ಯಾಪಾರಿ ಜಿನದತ್ತ ಸಾವಕಾರರು ತಮ್ಮ ತಂದೆ ಪಾರ್ಶ್ವನಾಥರ ನೆನಪಿಗೆ 'ನಮ್ಮ ಮನಿ ನಮ್ಮ ಕೂಸು' ಎಂಬ ಸೇವಾ ಸಂಘ ಕಟ್ಟಿದ್ದರು. ಕುಟುಂಬಗಳು ಆರೋಗ್ಯವಾಗಿರಬೇಕು, ಮಕ್ಕಳು ಬೆಳೆಯಬೇಕು, ಊರಿಗೆ ಹೊಸದಾಗಿ ಬಂದವರನ್ನು ನಮ್ಮವರೆಂದು ನೋಡಬೇಕು. ಬೋರ್ಡಿನ ಮೇಲೆ ಹೀಗೆ ಬರೆಸಿತ್ತು. ಕೆಲಸ ನಡೆಸುವವಳು ಸಾವಕಾರರ ಅಣ್ಣನ ಮಗಳು ಪ್ರಣಿತಾ. ಕೊಲ್ಹಾಪುರದಲ್ಲಿ ಸಮಾಜಕಾರ್ಯ ಓದಿ ಬಂದ ಹುಡುಗಿ, ಒಳ್ಳೆಯ ಮನಸ್ಸಿನವಳು. ಒಳ್ಳೆಯ ಮನಸ್ಸಿನವರಿಗೆ ಒಂದೊಂದು ಹುಚ್ಚು ಇರುತ್ತದೆ. ಅವಳ ಹುಚ್ಚು ಇದು: ಕೂಸನ್ನು ತಕ್ಕಡಿಯಲ್ಲಿ ತೂಗಬಾರದು, ತಾಯಿಯನ್ನು ಕೇಳಬೇಕು.

"ತಕ್ಕಡಿ ತಂದ್ರ ತಾಯಿ ಮ್ಯಾಲ ನಂಬಿಕಿ ಇಲ್ಲ ಅಂದಂಗ ಕಾಕಾ. ತಾಯಿ ಮಾತಽ ಖರೆ" ಎಂದಳು.

ಸಾವಕಾರರು ಕೂಡಲೇ ಒಪ್ಪಿದರು. ತಕ್ಕಡಿಯನ್ನು ಎಷ್ಟು ನಂಬಬೇಕೆಂಬುದು ಬೆಲ್ಲದ ವ್ಯಾಪಾರಿಗೆ ಗೊತ್ತಿಲ್ಲವೇ?

ಎಲ್ಲ ಮನೆಗಳಿಗೂ ಹೋಗಿಬರುವ ಹೆಂಗಸು ಯಾರು ಎಂದು ವಿಚಾರಿಸಿದಾಗ ಸಾತವ್ವನ ಹೆಸರು ಬಂತು. ಅವಳಿಗೆ ಹಸಿರು ಸೀರೆ ಕೊಟ್ಟರು, ಕೊರಳಿಗೊಂದು ಕಾರ್ಡು ಹಾಕಿದರು, 'ಕುಟುಂಬ ಸಖಿ' ಎಂದು ಹೆಸರಿಟ್ಟರು. ಕೆಲಸ ಎರಡೇ. ಮನೆಮನೆಗೆ ಹೋಗಿ ನದರು ಎಂಬುದು ಇಲ್ಲ ಎಂದು ತಿಳಿಹೇಳುವುದು, ಕೂಸು ಹೇಗಿದೆ ಎಂದು ತಾಯಿಯನ್ನು ಕೇಳಿ ಬಂದು ಹೇಳುವುದು. ಹಸಿರು ಸೀರೆ ಉಟ್ಟ ಮೇಲೆ ಅವೇ ಮನೆಗಳ ಮುಂಬಾಗಿಲುಗಳು ತೆರೆದವು. "ಬರ್ರಿ ಸಾತವ್ವಾಯಿ, ಕೂಡ್ರಿ, ಚಹಾ ಕುಡೀರಿ" ಎನ್ನತೊಡಗಿದರು. ನದರು ತೆಗೆಯಲು ಬಂದಾಗ ಹಿತ್ತಲು, ನದರಿಲ್ಲ ಎಂದು ಹೇಳಲು ಬಂದಾಗ ಪಡಸಾಲೆ! ಸಾತವ್ವ ಪಡಸಾಲೆಯಲ್ಲಿ ಕೂತು ಚಹಾ ಕುಡಿದು, "ನದರು ಅನ್ನೂದ ಎಲ್ಲಾ ಸುಳ್ಳವ್ವಾ" ಎಂದು ಹೇಳಿ, ಆಮೇಲೆ ಹಿತ್ತಲಿಗೆ ಸುತ್ತುಹಾಕಿ ಹೋಗಿ ಮೆಣಸಿನಕಾಯಿ ಸುಡುತ್ತಿದ್ದಳು. ಮುಂದೆ ಪಗಾರದ ಕೆಲಸ, ಹಿಂದೆ ಪುಣ್ಯದ ಕೆಲಸ.

ಇನ್ನು ಕೂಸು ಹೇಗಿದೆ ಎಂಬ ಪ್ರಶ್ನೆ. ಏನು ಉತ್ತರ ಬಂದಿರಬಹುದು, ನೀವೇ ಹೇಳಿ. ಕೊಣ್ಣೂರಿನ ಕೂಸುಗಳೆಲ್ಲ ಒಂದೂ ಬಿಡದೆ ಸೊರಗಿದ್ದವು. ಪ್ರಣಿತಾ ಕೇಳಿ ಕೇಳಿ ಕಣ್ಣೀರು ಹಾಕಿದಳು. ಸಂಘದಿಂದ ಪೌಷ್ಟಿಕ ಪುಡಿಯ ಡಬ್ಬಿಗಳು ಊರಿಗೆ ಹರಿದು ಬಂದವು. ಆ ಪುಡಿಯನ್ನು ಅತ್ತೆಯರು ಹಾಲಿಗೆ ಹಾಕಿಕೊಂಡು ಕುಡಿದರು, ಗರಡಿಗೆ ಹೋಗುವ ಹುಡುಗರು ನೀರಿಗೆ ಹಾಕಿಕೊಂಡು ಕುಡಿದರು. ಆ ವರ್ಷ ಕೊಣ್ಣೂರಿನ ಪೈಲವಾನರ ತೋಳು ಕಣ್ಣಿಗೆ ಹೊಡೆಯುವಂತೆ ಎದ್ದವು.

ಎಲ್ಲರಿಗಿಂತ ಹೆಚ್ಚು ಸೊರಗಿದವಳು ಸಾತವ್ವನ ಮೊಮ್ಮಗಳು ಆಮ್ರಪಾಲಿ. ಇನ್ನೂ ವರ್ಷ ತುಂಬದ ಕೂಸು. ಮಣಿಕಟ್ಟಿನಲ್ಲಿ ದಾರ ಕಟ್ಟಿದಂತೆ ಮಡಿಕೆ, ತೊಡೆಗೆ ಮೂರು ಮಡಿಕೆ, ನಕ್ಕರೆ ಕಣ್ಣೇ ಮುಚ್ಚಿಹೋಗುವಷ್ಟು ಗಲ್ಲ. "ಎಲಬು ಎಣಸಬೌದ್ರಿ ಅಕ್ಕಾರ. ಗಾಳಿ ಬೀಸಿದ್ರ ಕೌದಿ ಹೊಚ್ಚಿ ಹಿಡಕೊಂಡ ಕುಂದರತೇವಿ, ಎಲ್ಲಿ ಹಾರಿ ಹೋದಾಳು ಅಂತ" ಎಂದು ಸಾತವ್ವ ಎದೆ ಬಡಿದುಕೊಂಡಿದ್ದಳು. ಪ್ರಣಿತಾ ಮನೆಗೆ ಬಂದು ಕೂಸಿನ ತೋಳು ಒತ್ತಿ ನೋಡಿದಳು. ತೀರ ಸೊರಗಿದ ಮಕ್ಕಳಿಗೆ ಮೈ ಬಾತುಕೊಳ್ಳುವುದೂ ಉಂಟು ಎಂದು ಪುಸ್ತಕದಲ್ಲಿ ಓದಿದ್ದಳು. "ಎಷ್ಟ ಬಾವು ಬಂದೈತಿ, ಪಾಪ" ಎಂದು ನಿಟ್ಟುಸಿರು ಬಿಟ್ಟಳು. ಸೊಸೆ ಪೂನಮ್ ನಗು ತಡೆಯಲಾರದೆ ಒಳಗೆ ಓಡಿದಳು.

ಗೋಕಾಕದ ದವಾಖಾನೆಯೊಂದರಲ್ಲಿ ತಾಯಿ-ಕೂಸು ಇಬ್ಬರೂ ಉಳಿದು ಆರೈಕೆ ಪಡೆಯಲು ಸಂಘ ಒಂದು ಜಾಗ ಗೊತ್ತುಮಾಡಿತ್ತು. ಒಂದೇ ಒಂದು. ಅದು ಆಮ್ರಪಾಲಿಗೆ ಎಂದು ನಿಶ್ಚಯವಾಯಿತು.

ಅಷ್ಟರಲ್ಲಿ ಕಬ್ಬಿನ ಹಂಗಾಮು ಬಂತು. ಧುಪದಾಳದ ಕಡೆಯಿಂದ ಬರುವ ಕಾಲುವೆಯ ದಂಡೆಗೆ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಟೋಳಿ ಬಂದು ಗುಡಿಸಲು ಹಾಕಿತು. ಸಂಘದ ಬೋರ್ಡಿನಲ್ಲಿದ್ದ 'ಹೊಸದಾಗಿ ಬಂದವರು' ಇವರೇ. ಪ್ರಣಿತಾ ಸಾತವ್ವನನ್ನು ಕರೆದುಕೊಂಡು ಅಲ್ಲಿಗೂ ಹೋದಳು. ಮೊದಲ ಗುಡಿಸಲಿನವಳು ಲಕ್ಷ್ಮೀ. ಮೂರನೆಯ ವರ್ಷ ಬರುತ್ತಿದ್ದುದರಿಂದ ಅಷ್ಟಿಷ್ಟು ಕನ್ನಡ ಬರುತ್ತಿತ್ತು. ಜೋಳಿಗೆಯಲ್ಲಿ ಕೂಸು ಮಲಗಿತ್ತು, ಮೇಲೆ ಸೀರೆಯ ತುಂಡು ಹೊದಿಸಿತ್ತು.

"ಕೂಸು ಹ್ಯಾಂಗ ಐತಿ?" ಎಂದು ಪ್ರಣಿತಾ ಕೇಳಿದಳು.

"ಬರಾ ಆಹೆ. ಛಲೋ ಐತಿ. ಮಸ್ತ ಐತಿ" ಎಂದಳು ಲಕ್ಷ್ಮೀ, ಮುಕಾದಮ ಯಲ್ಲಪ್ಪನ ಕಡೆ ನೋಡುತ್ತ. ಟೋಳಿಯನ್ನು ಕರೆತಂದು ಕೆಲಸ ಮಾಡಿಸುವವನು ಅವನು. ಬೇವಿನ ಕಡ್ಡಿ ಅಗಿಯುತ್ತ ಬಾಜೂಕ್ಕೇ ನಿಂತಿದ್ದ.

ಎಲ್ಲ ಗುಡಿಸಲಿನಲ್ಲೂ ಅದೇ ಮಾತು. ಪ್ರಣಿತಾಳಿಗೆ ಹಿಗ್ಗೋ ಹಿಗ್ಗು. ಬಯಲು ಗಾಳಿ, ಬಿಸಿಲು, ಕಬ್ಬಿನ ಹಾಲು. ಇವರ ಮಕ್ಕಳೇ ಊರಿನವರಿಗಿಂತ ಆರೋಗ್ಯವಂತರು ಎಂದು ಸಾವಕಾರರಿಗೆ ಹೇಳಿದಳು. ತಾಯಿಯ ಮಾತೇ ಖರೆ ಎಂದ ಮೇಲೆ ಹೊದಿಕೆ ಎತ್ತಿ ನೋಡುವುದು ತಾಯಿಗೆ ಅವಮಾನ, ಹಾಗಾಗಿ ಎತ್ತಲಿಲ್ಲ. ಆ ವರ್ಷದ 'ಆರೋಗ್ಯವಂತ ಕೂಸು' ಬಹುಮಾನ ಲಕ್ಷ್ಮೀಯ ಕೂಸಿಗೆ ಎಂದು ತೀರ್ಮಾನವಾಯಿತು. ಬೇರೆ ಯಾರಿಗೆ ಕೊಡುತ್ತಾರೆ? ಕೊಣ್ಣೂರಿನಲ್ಲಿ ಆರೋಗ್ಯವಂತ ಕೂಸು ಎಂಬುದೇ ಇರಲಿಲ್ಲ.

ಸಾತವ್ವನ ಕಿವಿಗೆ ಮಾತ್ರ ಆ "ಮಸ್ತ ಐತಿ" ಕಲ್ಲು ಕಡಿದಂತೆ ಕೇಳಿಸಿತು. ನದರಿಗೆ ಅಂಜದ ತಾಯಿ ಯಾವ ಸೀಮೆಯಲ್ಲಿದ್ದಾಳೆ? ಮರುದಿನ ಒಬ್ಬಳೇ ಹೋದಳು. ಯಲ್ಲಪ್ಪ ಕಬ್ಬಿನ ಗಾಡಿಯ ಹಿಂದೆ ಸಂಕೇಶ್ವರಕ್ಕೆ ಹೋಗಿದ್ದ. ಜೋಳಿಗೆಯ ಹೊದಿಕೆ ಎತ್ತಿದಳು. ಒಳಗೆ ಕಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ಕೈಕಾಲು ಬೆಂಡಿನ ಕಡ್ಡಿಗಳು, ಹೊಟ್ಟೆ ಒಳಗೆ ಹೋಗಿತ್ತು. ಸಾತವ್ವ ಜೀವಮಾನವೆಲ್ಲ ಬಾಯಲ್ಲಿ ಹೇಳಿಕೊಂಡು ಬಂದ ಕೂಸು ಇದೇ, ಕಣ್ಣಿಗೆ ಬಿದ್ದದ್ದು ಅಂದೇ.

"ಯಾಕ ಸುಳ್ಳ ಹೇಳಿದಿ ತಂಗಿ?" ಎಂದಳು.

ಲಕ್ಷ್ಮೀ ಅಳತೊಡಗಿದಳು. "ಮಾವಶಿ, ನಾವು ಜೋಡಿ. ಗಂಡ ಕಡಿತಾನ, ನಾ ಕಟ್ಟತೇನಿ. ಕೂಸಿಗೆ ಆರಾಮಿಲ್ಲ ಅಂದ್ರ ಇಬ್ಬರನ್ನೂ ಕೆಲಸದಿಂದ ತಗೀತೇನಿ ಅಂತ ಮುಕಾದಮ ಹೇಳ್ಯಾನ. ಹ್ಯಾಂಗ ಐತಿ ಅಂತ ಯಾರ ಕೇಳಿದ್ರೂ ಮಸ್ತ ಅನ್ರಿ ಅಂದಾನ. ಯಾರ ಮುಂದೂ ಹೇಳಬ್ಯಾಡ."

ಸಾತವ್ವನಿಗೆ ತಿಳಿದದ್ದು ಒಂದೇ ಮದ್ದು. ಲಕ್ಷ್ಮೀಯಿಂದ ಮೆಣಸಿನಕಾಯಿ ಇಸಿದುಕೊಂಡು ನಿವಾಳಿಸಿ ಮೂರು ಕಲ್ಲಿನ ಒಲೆಗೆ ಹಾಕಿದಳು. ನದರೇ ಆಗಿರಲಿ, ನದರಾದರೆ ಈಗಲೇ ಸುಡುತ್ತೇನೆ ಎಂದು ಬೇಡಿಕೊಂಡಳು. ಘಾಟು ಭುಗಿಲ್ಲನೆ ಎದ್ದಿತು. ಲಕ್ಷ್ಮೀ ಕೆಮ್ಮಿದಳು, ಸಾತವ್ವ ಕೆಮ್ಮಿದಳು, ಹೊರಗೆ ಕಟ್ಟಿದ ಎತ್ತು ಕೂಡ ಸೀನಿತು. ಕೂಸಿಗೆ ಕೆಮ್ಮಲೂ ಶಕ್ತಿ ಇರಲಿಲ್ಲ. ನದರಲ್ಲ, ಇದಕ್ಕೆ ದವಾಖಾನೆಯೇ ಬೇಕು.

ಅಲ್ಲಿಂದ ನೇರ ಸಂಘದ ಆಫೀಸಿಗೆ ಬಂದಳು.

"ಅಕ್ಕಾರ, ಆ ಲಕ್ಷ್ಮೀ ಕೂಸು ಬಾಳ ಸೊರಗೇತ್ರಿ. ಉಳಿಯೂ ಹಂಗ ಕಾಣವಲ್ಲದು."

ಪ್ರಣಿತಾ ನಕ್ಕಳು. ಸಿಟ್ಟಿನ ನಗುವಲ್ಲ, ಅಕ್ಕರೆಯದು. "ಆಯಿ, ನೀವು ಯಾವ ಕೂಸಿಗೆ ಸೊರಗಿಲ್ಲ ಅಂದೀರಿ? ನಮ್ಮ ಕಾಕಾನ ಮೊಮ್ಮಗನಿಗೂ ಸೊರಗ್ಯಾನ ಅಂದ್ರಿ. ಅಂವಾ ಮನಿ ಪಾಯರಿ ಹತ್ತಿದ್ರ ಮೆಟ್ಟಲಾ ಅಲಗಾಡತಾವು. ತಾಯಿ ಮಸ್ತ ಐತಿ ಅಂದಾಳಲ್ಲ, ಮುಗೀತು."

"ಹಂಗಾರ ನಮ್ಮ ಆಮ್ರಪಾಲಿ ಜಾಗಾನರೆ ಆ ಕೂಸಿಗೆ ಕೊಡ್ರಿ."

ಪ್ರಣಿತಾಳ ಕಣ್ಣು ತುಂಬಿ ಬಂದವು. "ಎಂಥಾ ದೊಡ್ಡ ಮನಸ್ಸು ನಿಮ್ಮದು ಆಯಿ! ಮೊಮ್ಮಗಳ ಜೀವ ಕೊಡಾಕ ಹೊಂಟೀರಿ. ನಾ ಹಂಗ ಆಗಾಕ ಬಿಡೂದಿಲ್ಲ" ಎಂದು ಆಮ್ರಪಾಲಿಗೆ ಇನ್ನೆರಡು ಡಬ್ಬಿ ಪುಡಿ ಕೊಟ್ಟು ಕಳಿಸಿದಳು.

ಡಬ್ಬಿ ಬಗಲಲ್ಲಿಟ್ಟುಕೊಂಡು ಸಾತವ್ವ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಉಂಡಾಡುವ ಕೂಸುಗಳಿಗೆಲ್ಲ 'ಸೊರಗೇತಿ' ಎಂದು ಆ ಮಾತನ್ನೇ ಸವೆಸಿಬಿಟ್ಟಿದ್ದಳು. ಈಗ ಖರೆ ಸೊರಗಿದ ಕೂಸಿಗೆ ಹೇಳಲು ಮಾತೇ ಉಳಿದಿರಲಿಲ್ಲ. ಅವಳ ಬಾಯಿಂದ ಜನ ನಂಬಬಹುದಾದ ಮಾತು ಒಂದೇ ಇತ್ತು. ಅದನ್ನು ನೆನೆದರೆ ಸಾಕು, ಮೂಡಲಗಿಯ ಆ ಮದುವೆ ಮನೆ, ಆ ಬೀಗಿತ್ತಿ, ಜ್ವರದಲ್ಲಿ ಕಾದ ಆ ಪುಟ್ಟ ಹಣೆ ಕಣ್ಣಮುಂದೆ ಬಂದು ನಿಲ್ಲುತ್ತಿತ್ತು.

ಸಮಾರಂಭ ಕಲ್ಯಾಣಮಂಟಪದಲ್ಲಿ ನಡೆಯಿತು. ಬಹುಮಾನ ಎಂದ ಮೇಲೆ ಯಲ್ಲಪ್ಪ ಲಕ್ಷ್ಮೀಯನ್ನು ತಾನೇ ಕರೆತಂದ, ಮೀಸೆ ತೀಡಿಕೊಂಡು ಮೊದಲ ಸಾಲಿನಲ್ಲಿ ಕೂತ. ತನ್ನ ಟೋಳಿಯ ಕೂಸಿಗೆ ಬೆಳ್ಳಿ ಬಟ್ಟಲು ಬರುವುದು ಸಣ್ಣ ಮಾತೇ? ವೇದಿಕೆಯ ಮೇಲೆ ಎರಡು ಕುರ್ಚಿ. ಒಂದರಲ್ಲಿ ಊರಿನ ಅತ್ಯಂತ ಆರೋಗ್ಯವಂತ ಕೂಸು ತಾಯಿಯ ತೊಡೆಯ ಮೇಲೆ, ಶಾಲಿನಲ್ಲಿ ಮೂಗಿನವರೆಗೆ ಸುತ್ತಿತ್ತು. ಇನ್ನೊಂದರಲ್ಲಿ ಅತ್ಯಂತ ಸೊರಗಿದ ಕೂಸು ಪೂನಮ್‌ಳ ತೊಡೆಯ ಮೇಲೆ ಕೂತು, ಸಾವಕಾರರಿಗೆ ಹಾಕಿದ ಹಾರದ ಹೂವು ಕಿತ್ತು ತಿನ್ನುತ್ತಿತ್ತು. ಕಾರ್ಯಕ್ರಮ ಮುಗಿದ ಕೂಡಲೇ ಅದನ್ನು ಗೋಕಾಕಕ್ಕೆ ಒಯ್ಯಲು ಸಂಘದ ಗಾಡಿ ಹೊರಗೆ ನಿಂತಿತ್ತು. ಮಂಟಪದ ತುಂಬ ಕೂತ ಜನಕ್ಕೆ ಕಣ್ಣಿತ್ತು. ಎಲ್ಲರೂ ಆಮ್ರಪಾಲಿಯನ್ನು ನೋಡಿದರು, ತುಟಿ ಕಚ್ಚಿ ಸುಮ್ಮನಾದರು. ಬಾಯಿ ಬಿಟ್ಟರೆ ಕೂಸಿಗೆ ನದರಲ್ಲವೇ?

"ಸಾತವ್ವಾಯಿ ತಮ್ಮ ಮೊಮ್ಮಗಳ ಕಷ್ಟದ ಬಗ್ಗೆ ಎರಡು ಮಾತು ಹೇಳಬೇಕು" ಎಂದು ಪ್ರಣಿತಾ ಮೈಕು ಕೊಟ್ಟಳು.

ಸಾತವ್ವ ಮೈಕು ಹಿಡಿದು ನಿಂತಳು. ಒಮ್ಮೆ ಲಕ್ಷ್ಮೀಯ ತೊಡೆಯ ಮೇಲಿನ ಶಾಲು ನೋಡಿದಳು, ಅದು ಅಲುಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ.

"ನಮ್ಮ ಆಮ್ರಪಾಲಿ..." ಎಂದಳು. ಮತ್ತೆ ಶುರು ಮಾಡಿದಳು. "ನಮ್ಮ ಆಮ್ರಪಾಲಿ ಮೈಕೈ ತುಂಬಿಕೊಂಡಾಳ್ರಿ."

"ಅಯ್ಯ ಶಿವನ! ಥೂ ಥೂ ಅನ್ನವ್ವಾ, ಥೂ ಥೂ ಅನ್ನ!" ಎಂದು ಹೆಂಗಸರು ಚೀರಿದರು.

"ಅನ್ನೂದಿಲ್ಲ. ಕಣ್ಣ ತುಂಬ ನೋಡ್ರಿ. ಛಲೋ ಉಣ್ಣತಾಳ, ಛಲೋ ನಿದ್ದಿ ಮಾಡತಾಳ, ಎತ್ತಿಕೊಂಡ್ರ ಸೊಂಟ ಹಿಡೀತೈತಿ. ಬೆಣ್ಣಿ ಮುದ್ದಿ ಹಂಗ ಅದಾಳ!" ಸಾತವ್ವ ಅಳುತ್ತಿದ್ದಳು. ಅಳುತ್ತಲೇ ದನಿ ಎತ್ತಿದಳು. "ಇಷ್ಟ ವರ್ಷ ನಾ ಎಲ್ಲಾ ಕೂಸಿಗೂ ಸೊರಗೇತಿ ಅಂತ ಸುಳ್ಳ ಹೇಳೇನಿ. ಇವತ್ತ ನನ್ನ ಮೊಮ್ಮಗಳನ್ನ ನಿಮ್ಮ ಕಣ್ಣಿಗೆ ಇಟ್ಟ ಖರೆ ಹೇಳಾಕತ್ತೇನಿ. ಇದನ್ನ ನಂಬತೀರೋ ಇಲ್ಲೋ? ನಂಬಿದ್ರ ಇನ್ನೊಂದ ಖರೆನೂ ನಂಬ್ರಿ. ಈ ಲಕ್ಷ್ಮೀ ಕೂಸು ಸಾಯಾಕತ್ತೈತಿ. ಶಾಲು ತಗದ ನೋಡ್ರಿ."

ಅವಳ ಬಾಯಿಂದ ಒಂದು ಕೂಸಿನ ಹೊಗಳಿಕೆ ಕೇಳಿದ ಮೇಲೆ ಆ ಊರು ಬೇರೆ ಯಾವ ಮಾತನ್ನಾದರೂ ನಂಬಲು ತಯಾರಿತ್ತು. ಪ್ರಣಿತಾ ಓಡಿ ಹೋಗಿ ಲಕ್ಷ್ಮೀಯ ಮುಂದೆ ಮಂಡಿಯೂರಿದಳು. ಶಾಲಿಗೆ ಕೈ ಹಾಕುವ ಮೊದಲು, ಅವಳ ಹುಚ್ಚು ಎಲ್ಲಿಗೆ ಹೋಗಬೇಕು, "ಕೂಸು ಹ್ಯಾಂಗ ಐತಿ?" ಎಂದು ಕೇಳಿದಳು.

ಲಕ್ಷ್ಮೀ ಯಲ್ಲಪ್ಪನನ್ನು ನೋಡಿದಳು. ಆಮೇಲೆ ಸಾತವ್ವನನ್ನು ನೋಡಿದಳು. "ಬರಾ ನಾಹಿ" ಎಂದಳು, ಛಲೋ ಇಲ್ಲ.

ಪ್ರಣಿತಾ ಶಾಲು ಸರಿಸಿದಳು. ಅವಳ ಮುಖದ ಬಣ್ಣ ಇಳಿಯಿತು. ಕೂಸನ್ನು ಎತ್ತಿಕೊಂಡು ಲಕ್ಷ್ಮೀಯ ಕೈ ಹಿಡಿದು ಗಾಡಿಯತ್ತ ಓಡಿದಳು. ಯಲ್ಲಪ್ಪ ಎದ್ದು ನಿಂತು, "ನಾನೂ ಇದನ್ನಽ ಹೇಳಾಕ ಬಂದಿದ್ನಿರಿ" ಎಂದು ಬಾಜೂದವರಿಗೆ ಹೇಳಿದ. ಸಾತವ್ವನಿಂದ ಸಂಗತಿ ತಿಳಿದ ಸಾವಕಾರರು ಅವನನ್ನು ಕರೆದು, ಆ ಜೋಡಿಯನ್ನು ಕೆಲಸದಿಂದ ತೆಗೆದರೆ ನಮ್ಮ ತೋಟದ ಕಬ್ಬಿಗೆ ಬೇರೆ ಟೋಳಿ ಕರೆಸುತ್ತೇನೆ ಎಂದರು. ಬೆಳ್ಳಿ ಬಟ್ಟಲು ಮೇಜಿನ ಮೇಲೆಯೇ ಉಳಿಯಿತು.

ಮನೆಗೆ ಬಂದವಳೇ ಸಾತವ್ವ ಸೀರೆ ಕೂಡ ಬದಲಿಸದೆ ಆಮ್ರಪಾಲಿಗೆ ಮುಷ್ಟಿ ತುಂಬ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಊರಿನ ಕಣ್ಣೆಲ್ಲ ಬಿದ್ದ ಕೂಸು. ಘಾಟು ಬಾರದೇ ಹೋದರೆ ಏನು ಗತಿ ಎಂದು ಜೀವ ಕೈಯಲ್ಲಿ ಹಿಡಿದು ಕೂತಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಎದ್ದಿತು ನೋಡಿ! ಪೂನಮ್ ಕೆಮ್ಮಿದಳು, ಆಮ್ರಪಾಲಿ ಸೀನಿ ಸೀನಿ ಕಿರುಚಿದಳು, ಅಜಿತ ಕೆಮ್ಮುತ್ತ ಅಂಗಳಕ್ಕೆ ಓಡಿ "ಯವ್ವಾ, ಕೊಲ್ಲತಿ ಏನ ನಮ್ಮನ್ನ?" ಎಂದು ಕೂಗಿದ. ಸಾತವ್ವ ಒಲೆಯ ಮುಂದೆ ಕೂತು ಕಣ್ಣು ಮೂಗು ಸುರಿಸುತ್ತ ಹೊಟ್ಟೆ ತುಂಬ ಕೆಮ್ಮಿದಳು. ಅಷ್ಟು ಸುಖದ ಕೆಮ್ಮು ಅವಳಿಗೆ ಎಂದೂ ಬಂದಿರಲಿಲ್ಲ.

ಮುಂದೆ ಸಂಘಕ್ಕೆ ತಕ್ಕಡಿ ಬಂತು, ಸಾವಕಾರರ ಅಂಗಡಿಯದಲ್ಲ, ಹೊಸದು. ಅದರಲ್ಲಿ ತೂಗಿದಾಗ ಕೊಣ್ಣೂರಿನ ಬಹಳಷ್ಟು ಮಕ್ಕಳು ಒಂದೇ ವಾರದಲ್ಲಿ ಆರೋಗ್ಯವಂತರಾಗಿಬಿಟ್ಟರು. ಎಲ್ಲ ಪುಡಿಯ ಮಹಿಮೆ ಎಂದು ಸಾವಕಾರರು ಭಾಷಣದಲ್ಲಿ ಹೇಳಿದರು, ಜನ ಚಪ್ಪಾಳೆ ತಟ್ಟಿದರು. ಪ್ರಣಿತಾ ತಟ್ಟಲಿಲ್ಲ. ಅವಳು ಆಗ ಕಾಲುವೆ ದಂಡೆಯ ಗುಡಿಸಲುಗಳಲ್ಲಿ ತಕ್ಕಡಿ ಹಿಡಿದು ಕೂತಿದ್ದಳು.

ಕೆಲವು ವಾರಗಳ ಮೇಲೆ ಸಾತವ್ವ ಬಸ್ಸು ಹತ್ತಿ ಗೋಕಾಕಕ್ಕೆ ಹೋದಳು. ದವಾಖಾನೆಯ ಆವರಣದಲ್ಲಿ ಬಿಸಿಲಿಗೆ ಲಕ್ಷ್ಮೀ ಕೂತಿದ್ದಳು. ತೊಡೆಯ ಮೇಲೆ ಕೂಸು ಕಾಲು ಬಡಿಯುತ್ತ, ಸಾತವ್ವ ಒಯ್ದ ಬಿಸ್ಕತ್ತಿನ ಪೊಟ್ಟಣವನ್ನು ಎರಡೂ ಕೈಯಿಂದ ಕಸಿದುಕೊಳ್ಳಲು ನೋಡಿತು. ಗಲ್ಲದ ಮೇಲೆ ಇಷ್ಟೇ ಇಷ್ಟು ಮಾಂಸ ಬಂದಿತ್ತು. ಹೊಗಳುವ ಮಾತು ಸಾತವ್ವನ ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡಳು.

"ಕೂಸು ಹ್ಯಾಂಗ ಐತಿ ತಂಗಿ?" ಎಂದಳು.

ಲಕ್ಷ್ಮೀ ಗಾಬರಿಯಿಂದ ಆಚೆ ಈಚೆ ನೋಡಿ, ಸೆರಗಿನಿಂದ ಕೂಸಿನ ಮುಖ ಮರೆಮಾಡಿದಳು.

"ಏನ ಹೇಳ್ಲಿ ಮಾವಶಿ," ಎಂದಳು. "ಉಣ್ಣವಲ್ಲದು, ತಿನ್ನವಲ್ಲದು. ಬಾಳ ಸೊರಗೇತಿ."